14 ತಿಂಗಳು ಬಳಸಿದ ಟ್ಯಾಬ್: ಎಲ್ಲ ಸರಿ, ವೈಫೈ ಒಂದು ಬಿಟ್ಟು

ಈ ಟ್ಯಾಬ್ ತಗೊಂಡ ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು, ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಬರೆಯೋಕೆ ಕೂತಿದ್ದೆ. ಅರ್ಧ ಬರೆಯುವಷ್ಟರಲ್ಲಿ ವೈಫೈ ಹೋಯಿತು, ಬರೆದದ್ದೂ ಹೋಯಿತು. ಒಳ್ಳೆಯದೇ ಆಯಿತು ಅನ್ನಿ. ಆವತ್ತು ಬೈಯಬೇಕೆಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಟ್ಯಾಬಿನ ತಪ್ಪೇ ಅಲ್ಲ. ಉಳಿದ ಕಾಲು ಪಾಲು ಮಾತ್ರ ಅದರದ್ದೇ. ಅದನ್ನು ಬಿಡೋದಿಲ್ಲ.

ಬೇರೆ ವಿಷಯ ಮೊದಲು ಬೇಗ ಹೇಳಿಬಿಡುತ್ತೇನೆ. ಇದು 11 ಇಂಚಿನ ಆಂಡ್ರಾಯ್ಡ್ ಟ್ಯಾಬ್. ಸ್ಕ್ರೀನ್ ಚೆನ್ನಾಗಿದೆ, ಬಿಸಿಲಲ್ಲಿ ಮಾತ್ರ ಏನೂ ಕಾಣೋದಿಲ್ಲ. ಬ್ಯಾಟರಿ ಮೊದಲು ಎರಡು ದಿನ ಬರುತ್ತಿತ್ತು, ಈಗ ಒಂದೂವರೆ ದಿನ. ಸ್ಪೀಕರ್ ಪರವಾಗಿಲ್ಲ. ಕ್ಯಾಮೆರಾ ಇದೆ ಅನ್ನೋದಕ್ಕೆ ಇದೆ. ಪೆನ್ನಿನಲ್ಲಿ ಮಗಳು ದಿನಾ ಚಿತ್ರ ಬಿಡಿಸುತ್ತಾಳೆ, ಒಂದು ಸಲವೂ ಕೈಕೊಟ್ಟಿಲ್ಲ. ಇಷ್ಟೇ. ಈಗ ವೈಫೈ ಕಥೆಗೆ ಬರೋಣ.

ನಮ್ಮ ರೌಟರ್ ಎರಡು ಹೆಸರು ತೋರಿಸುತ್ತದೆ. ಒಂದು 2.4 ಗಿಗಾಹರ್ಟ್ಸ್‌ನದು. ಇನ್ನೊಂದು 5 ಗಿಗಾಹರ್ಟ್ಸ್‌ನದು, ಅದರ ಹೆಸರಿನ ಕೊನೆಗೆ ‘5ಜಿ’ ಅಂತ ಇದೆ. (ಮೊಬೈಲಿನ 5ಜಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಈ ಹೆಸರು ಹೊಳೆದವರಿಗೆ ಏನು ಹೇಳೋದೋ.) 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ, ಗದ್ದಲವೂ ಜಾಸ್ತಿ. 5 ವೇಗವಾಗಿದೆ, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ.

ಮೊದಲ ಮೂರು ದಿನ ಎಲ್ಲ ಸುಸೂತ್ರ. ನಾಲ್ಕನೇ ದಿನ ಸಂಜೆ ನೋಡಿದರೆ ಟ್ಯಾಬಿನ ಪಟ್ಟಿಯಲ್ಲಿ ‘5ಜಿ’ ಹೆಸರೇ ಮಾಯ. ಅದು ತನ್ನಷ್ಟಕ್ಕೆ 2.4ಕ್ಕೆ ಹೋಗಿ ಸೇರಿಕೊಂಡಿತ್ತು. ಹಾಲ್‌ನಲ್ಲಿ ಹೇಗೋ ನಡೆಯುತ್ತಿತ್ತು. ಒಳಗಿನ ರೂಮಿಗೆ ಹೋದರೆ ವಿಡಿಯೊ ಎರಡು ನಿಮಿಷ ಓಡಿ, ಆಮೇಲೆ ಗಿರಗಿರ ಸುತ್ತುತ್ತಾ ಕೂರುತ್ತಿತ್ತು. ಪಕ್ಕದಲ್ಲೇ ಇಟ್ಟ ನನ್ನ ಫೋನಿನಲ್ಲಿ ‘5ಜಿ’ ಹೆಸರೂ ಇದೆ, ವಿಡಿಯೊನೂ ಓಡುತ್ತದೆ. ಇನ್ನೇನು ಸಾಕ್ಷಿ ಬೇಕು? ಟ್ಯಾಬೇ ಸರಿ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ರೌಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಹೆಸರು ವಾಪಸ್ ಬರುತ್ತಿತ್ತು. ಕೆಲವು ಸಲ ಬರುತ್ತಿರಲಿಲ್ಲ. ಆಗ ಇನ್ನೊಂದು ಸಲ ಆಫ್, ಆನ್. ಈ ‘ಕೆಲವು ಸಲ’ ಇದೆಯಲ್ಲ, ಅದೇ ನನ್ನನ್ನು ಎರಡು ತಿಂಗಳು ದಾರಿ ತಪ್ಪಿಸಿದ್ದು. ರೀಸ್ಟಾರ್ಟ್ ಮಾಡಿದರೂ ಒಂದೇ ಒಂದು ಸಲವೂ ಸರಿಹೋಗದಿದ್ದರೆ ಬೇರೆ ಕಾರಣ ಹುಡುಕುತ್ತಿದ್ದೆ. ಆಗಾಗ ಸರಿಹೋಗುತ್ತಿದ್ದರಿಂದ ಅದೇ ಮದ್ದು ಅಂದುಕೊಂಡು ದಿನಕ್ಕೆರಡು ಸಲ ಸ್ವಿಚ್ ಒತ್ತುತ್ತಾ ಕಾಲ ಕಳೆದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯವರು ಬಹಳ ಮರ್ಯಾದೆಯಿಂದ, ‘ಸರ್, ಒಂದ್ಸಲ ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ’ ಅಂದರು. ಮಾಡಿದೆ. ಅದು ಟ್ಯಾಬಿನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತದೆ, ಆದರೆ ಬ್ಯಾಕಪ್ ಇದೆ ಅಂದುಕೊಂಡಿದ್ದೆ. ಇತ್ತು, ಫೋಟೊಗಳದ್ದು ಮಾತ್ರ. ಚಿತ್ರ ಬಿಡಿಸುವ ಆ್ಯಪ್‌ನ ಫೋಲ್ಡರ್ ಅದರಲ್ಲಿ ಸೇರಿರಲಿಲ್ಲ. ಮಗಳ ನಲವತ್ತು ಚಿಲ್ಲರೆ ಚಿತ್ರ ಹೋದವು. ಅದರಲ್ಲಿ ಐದು ಕಾಲಿನ ಒಂದು ಆನೆ ಇತ್ತು. ಐದನೇದು ಕಾಲಲ್ಲ, ಬಾಲ ಅನ್ನೋದು ಅವಳ ವಾದ. ಮೂರು ದಿನ ನನ್ನ ಜೊತೆ ಟೂ ಬಿಟ್ಟಿದ್ದಳು.

ಅಷ್ಟಾದರೂ ವೈಫೈ ಸರಿಹೋಯಿತಾ ಅಂದರೆ ಅದೂ ಇಲ್ಲ. ರೀಸೆಟ್ ಆದಮೇಲೆ ಎರಡು ಹೆಸರೂ ಟ್ಯಾಬನ್ನು ಒಳಗೇ ಬಿಡಲಿಲ್ಲ. ಪಾಸ್‌ವರ್ಡ್ ಒಂದೊಂದೇ ಅಕ್ಷರ ನೋಡಿ ಹನ್ನೊಂದು ಸಲ ಹಾಕಿದೆ. ಸಂಪರ್ಕ ಆಗುತ್ತಿಲ್ಲ ಅಂತ ಮಾತ್ರ ಬರುತ್ತಿತ್ತು, ಯಾಕೆ ಅಂತ ಇಲ್ಲ. ರೌಟರನ್ನೂ ರೀಸೆಟ್ ಮಾಡೋಣ ಅಂತ ಅದರ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚೋಕೆ ಹೊರಟವನು, ಯಾಕೋ ಅನುಮಾನ ಬಂದು ಅಣ್ಣನಿಗೆ ಫೋನ್ ಮಾಡಿದೆ. ರೌಟರ್ ಹಾಕಿಕೊಟ್ಟಿದ್ದು ಅವನೇ.

‘ಅದನ್ನ ಮಾತ್ರ ಮುಟ್ಬೇಡ ಕಣೋ! ಇಂಟರ್ನೆಟ್ ಕಂಪನಿಯವರು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲಾ ಅಳಿಸಿಹೋಗುತ್ತೆ. ಬರೆದಿಟ್ಟಿದ್ದೀಯಾ?’

ಬರೆದಿಟ್ಟಿರಲಿಲ್ಲ.

‘ಟ್ಯಾಬ್ ರೀಸೆಟ್ ಮಾಡಿದ್ಯಾ? ಓ, ಹಂಗಾದ್ರೆ ಅದೇ. ಗೊತ್ತಿರೋ ಡಿವೈಸ್‌ಗಳನ್ನ ಮಾತ್ರ ಬಿಡೋ ಹಾಗೆ ನಾನೇ ಲಿಸ್ಟ್ ಮಾಡಿಟ್ಟಿದ್ದೆ. ನಿನ್ನ ಟ್ಯಾಬನ್ನೂ ಅದಕ್ಕೆ ಸೇರಿಸಿ ಬಂದಿದ್ದೆ.’

ವಿಷಯ ಏನೆಂದರೆ, ರೌಟರ್ ಆ ಪಟ್ಟಿಯಲ್ಲಿ ಡಿವೈಸ್‌ಗಳನ್ನು ಗುರುತಿಡುವುದು ಮ್ಯಾಕ್ ಅಡ್ರೆಸ್ ಎಂಬ ನಂಬರಿನಿಂದ. ಹಿಂದೆ ಇದು ಡಿವೈಸ್‌ಗೆ ಅಂಟಿಕೊಂಡ ಖಾಯಂ ನಂಬರ್ ಆಗಿತ್ತು. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ ಟ್ಯಾಬ್, ಫೋನ್‌ಗಳು ನಿಜವಾದ ನಂಬರ್ ಬಿಟ್ಟು, ಒಂದೊಂದು ವೈಫೈಗೂ ಒಂದೊಂದು ಹುಸಿ ನಂಬರ್ ಕೊಡುತ್ತವೆ. 2020ರಲ್ಲಿ ಐಪ್ಯಾಡ್‌ಗೂ ಇದು ಬಂತು. ಹೋದ ಕಡೆಯೆಲ್ಲ ಯಾರೂ ನಮ್ಮ ಜಾಡು ಹಿಡಿಯಬಾರದು ಅಂತ ಮಾಡಿದ ಒಳ್ಳೆಯ ಏರ್ಪಾಡೇ. ಆದರೆ ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಹುಸಿ ನಂಬರ್ ಹೊಸದಾಗಿಬಿಡುತ್ತದೆ. ಟ್ಯಾಬ್ ಅದೇ, ಮನೆ ಅದೇ, ಬಾಗಿಲಲ್ಲಿ ನಿಂತ ರೌಟರ್ ಮಾತ್ರ ‘ನೀನ್ಯಾರು?’ ಅನ್ನುತ್ತದೆ.

ವೈಫೈ ಹೆಸರಿನ ಪಕ್ಕದ ಗುಂಡಿ ಒತ್ತಿ, ಪ್ರೈವಸಿ ಅನ್ನುವಲ್ಲಿ ಡಿವೈಸಿನ ಸ್ವಂತ ಮ್ಯಾಕ್ ಬಳಸು ಅಂತ ಹಾಕಿ ಪಟ್ಟಿಗೆ ಸೇರಿಸಬಹುದಿತ್ತು. ನಾನು ಆ ಪಟ್ಟಿಯನ್ನೇ ತೆಗೆಸಿದೆ. ಮ್ಯಾಕ್ ನಂಬರ್ ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತಿರುತ್ತದೆ, ಬೇಕೆಂದವರು ಅದನ್ನು ನಕಲು ಮಾಡಬಹುದು. ಗಟ್ಟಿ ಪಾಸ್‌ವರ್ಡ್ ಇದ್ದರೆ ಆ ಪಟ್ಟಿಯಿಂದ ಕಾವಲಿಗಿಂತ ತಲೆನೋವೇ ಜಾಸ್ತಿ.

ಹೀಗೆ ಕಸ್ಟಮರ್ ಕೇರ್ ಕೊಟ್ಟ ಮದ್ದೇ ಎರಡನೇ ಕಾಯಿಲೆ ತಂದಿತ್ತು. ಮೊದಲನೇ ಕಾಯಿಲೆ ಹಾಗೇ ಇತ್ತು. ಫೋನ್ ಇಡುವ ಮುಂಚೆ ಅಣ್ಣ, ‘ಇನ್ಮೇಲೆ ಒಂದು ಸಲಕ್ಕೆ ಒಂದೇ ಬದಲಾಯಿಸು, ಏನಾಯ್ತು ಅಂತ ಬರೆದಿಡು’ ಅಂದ. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದೆ. ಗಂಟೆ, ಜಾಗ, ‘5ಜಿ’ ಹೆಸರು ಕಾಣುತ್ತಾ ಇಲ್ವಾ, ಚಾನಲ್ (ರೌಟರ್ ಆಗ ಹಿಡಿದಿರುವ ದಾರಿಯ ನಂಬರ್) ಎಷ್ಟು. ಚಾನಲ್ ನಂಬರನ್ನು ಫೋನಿನಲ್ಲಿ ಒಂದು ಉಚಿತ ವೈಫೈ ಆ್ಯಪ್ ಹಾಕಿಕೊಂಡು ನೋಡುತ್ತಿದ್ದೆ.

‘ಬೆಳಿಗ್ಗೆ 7:10, ಹಾಲ್, ಇದೆ, 36.’ ‘ಮಧ್ಯಾಹ್ನ 1:30, ಹಾಲ್, ಇಲ್ಲ, 100.’ ‘ರೀಸ್ಟಾರ್ಟ್ ಆದಮೇಲೆ, ಇಲ್ಲ, 116.’ ‘ಮತ್ತೆ ರೀಸ್ಟಾರ್ಟ್, ಇದೆ, 44.’

ಒಂಬತ್ತು ದಿನ ಬರೆದೆ. ಎರಡನೇ ದಿನಕ್ಕೇ ಹೊಳೆಯಬೇಕಿತ್ತು, ಬಿಡಿ. 36, 40, 44, 48 ಇದ್ದಾಗ ಟ್ಯಾಬಿಗೆ ಹೆಸರು ಕಾಣುತ್ತಿತ್ತು. ಚಾನಲ್ ನೂರು, ನೂರರ ಮೇಲೆ ಹೋದಾಗ ಒಂದು ಸಲವೂ ಕಂಡಿಲ್ಲ. ಅದೇ ಹೊತ್ತಿಗೆ ಫೋನಿಗೆ ಕಾಣುತ್ತಿತ್ತು.

5 ಗಿಗಾಹರ್ಟ್ಸ್ ಅಂದರೆ ಒಂದೇ ದಾರಿಯಲ್ಲ, ಪಕ್ಕಪಕ್ಕದಲ್ಲಿ ಹಲವು ಚಾನಲ್‌ಗಳಿವೆ. 52ರಿಂದ 144ರವರೆಗಿನವನ್ನು ಬಹಳಷ್ಟು ದೇಶಗಳಲ್ಲಿ ಹವಾಮಾನದಂಥ ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಅಲ್ಲಿಗೆ ಹೋಗುವ ರೌಟರ್ ಮೊದಲು ಕಡೇಪಕ್ಷ ಒಂದು ನಿಮಿಷ ಸುಮ್ನೆ ಕೇಳಿಸಿಕೊಳ್ಳಬೇಕು, ಬಳಸುವಾಗ ರೇಡಾರ್ ಸುಳಿವು ಸಿಕ್ಕರೆ ತಕ್ಷಣ ಜಾಗ ಖಾಲಿ ಮಾಡಬೇಕು. ಈ ರಗಳೆಯೇ ಬೇಡ ಅಂತ ಕೆಲವು ಡಿವೈಸ್‌ಗಳು ಆ ಚಾನಲ್‌ಗಳ ಕಡೆ ತಲೆಯನ್ನೇ ಹಾಕುವುದಿಲ್ಲ. ನನ್ನ ಟ್ಯಾಬ್ ಆ ಪೈಕಿ. ಇನ್ನು ನಮ್ಮ ರೌಟರಿನಲ್ಲಿ ಚಾನಲ್ ‘ಆಟೊ’ ಅಂತ ಇತ್ತು. ಪ್ರತಿ ರೀಸ್ಟಾರ್ಟ್‌ಗೂ ಅದು ತನಗೆ ಖಾಲಿ ಅನ್ನಿಸಿದ ಚಾನಲ್ ಹಿಡಿಯುತ್ತಿತ್ತು. ಅಂದರೆ ನಾನು ಎರಡು ತಿಂಗಳು ರಿಪೇರಿ ಮಾಡಿದ್ದಲ್ಲ, ಲಾಟರಿ ಆಡಿದ್ದು.

ರೌಟರಿನ ತಳದ ಸ್ಟಿಕ್ಕರಿನಲ್ಲಿ ಅದರ ಸೆಟ್ಟಿಂಗ್ಸ್ ಪುಟದ ವಿಳಾಸ, ಪಾಸ್‌ವರ್ಡ್ ಇರುತ್ತದೆ. ಒಳಗೆ ಹೋಗಿ ‘ಆಟೊ’ ತೆಗೆದು 36 ಅಂತ ಕೂರಿಸಿದೆ. ಚಾನಲ್ ಅಗಲ 80 ಮೆಗಾಹರ್ಟ್ಸ್. ಆಸೆಪಟ್ಟು 160 ಹಾಕಿದರೆ ಅದು 64ರವರೆಗೂ ಚಾಚಿಕೊಂಡು ಮತ್ತೆ ರೇಡಾರಿನ ಪಾಲಿಗೆ ಹೋಗುತ್ತದೆ. ಒಟ್ಟು ನಾಲ್ಕು ನಿಮಿಷದ ಕೆಲಸ. ಆವತ್ತಿನಿಂದ ಹೆಸರು ಮಾಯವಾಗಿಲ್ಲ.

ಒಳಗಿನ ರೂಮಿನ ಕಥೆ ಬೇರೆ. ಅಲ್ಲಿ ಹೆಸರು ಕಂಡರೂ ಸಿಗ್ನಲ್ ಸಾಲುತ್ತಿರಲಿಲ್ಲ. ಅದೇ ಆ್ಯಪ್‌ನಲ್ಲಿ ಅಳೆದೆ. ಹಾಲ್‌ನಲ್ಲಿ ಮೈನಸ್ 52, ರೂಮಿನಲ್ಲಿ ಮೈನಸ್ 78. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 10 ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ, 20 ಇಳಿದರೆ ನೂರರಲ್ಲಿ ಒಂದು. 26 ಇಳಿದದ್ದನ್ನು ನೋಡಿದಾಗ ಟ್ಯಾಬ್ ಅಷ್ಟು ಹೊತ್ತಾದರೂ ಹೇಗೆ ಎಳೆಯುತ್ತಿತ್ತು ಅನ್ನಿಸಿತು. ವಿಡಿಯೊ ಕಾಲ್ ತಡೆಯಿಲ್ಲದೆ ನಡೆಯಬೇಕಾದರೆ ಸುಮಾರು ಮೈನಸ್ 67 ಇದ್ದರೆ ಚೆನ್ನ.

ರೌಟರ್ ಎಲ್ಲಿತ್ತು ಗೊತ್ತಾ? ಟೀವಿ ಹಿಂದೆ, ನೆಲದಿಂದ ಒಂದು ಗೇಣು ಮೇಲೆ. ನೋಡೋಕೆ ಚೆಂದ ಕಾಣಲ್ಲ ಅಂತ ನಾನೇ ಅಲ್ಲಿ ತುರುಕಿದ್ದೆ. ಟೀವಿಯ ಒಳಗೆಲ್ಲ ಲೋಹದ ತಗಡು. ರೌಟರಿಗೆ ಮುಖಕ್ಕೆ ತಟ್ಟೆ ಹಿಡಿದ ಹಾಗೆ. ಉದ್ದದ ವೈರ್ ತಂದು ಪುಸ್ತಕದ ಕಪಾಟಿನ ಮೇಲಿಟ್ಟೆ. ರೂಮಿನಲ್ಲಿ ಮೈನಸ್ 69 ಬಂತು. ಟ್ಯಾಬಿನ ಕೀಬೋರ್ಡ್ ಕವರ್ ತೆಗೆದು ಅಳೆದರೆ ಮೈನಸ್ 66. ಆ ಕವರಿನ ಒಳಗೂ ಒಂದು ತಗಡಿದೆ, ಹಿಂದಕ್ಕೆ ಮಡಚಿದಾಗ ಆಂಟೆನಾಗೆ ಅಡ್ಡ ಬರುತ್ತದೆ ಅಂತ ಕಾಣುತ್ತದೆ. ಸಿಗ್ನಲ್ ಹಿಗ್ಗಿಸುವ ರಿಪೀಟರ್ ತಗೋ ಅಂತ ಇಬ್ಬರು ಹೇಳಿದ್ದರು. ಸಾಮಾನ್ಯ ರಿಪೀಟರ್ ಕೇಳಿಸಿಕೊಂಡದ್ದನ್ನೇ ಅದೇ ಚಾನಲ್ಲಿನಲ್ಲಿ ಇನ್ನೊಂದು ಸಲ ಹೇಳುವುದರಿಂದ ವೇಗ ಹತ್ತಿರ ಹತ್ತಿರ ಅರ್ಧವಾಗುತ್ತದೆ. ಅದರ ಬದಲು ವೈರ್ ಉದ್ದ ಮಾಡಿದ್ದೇ ಸರಿಯಾಯಿತು.

2.4ರ ಮೇಲೂ ಸ್ವಲ್ಪ ಕೈಯಾಡಿಸಿದೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನಲ್ ಅಂದರೆ 1, 6, 11 ಮಾತ್ರ. ನಮ್ಮದು 8ರಲ್ಲಿ ಕೂತು 6ಕ್ಕೂ 11ಕ್ಕೂ ಕಾಟ ಕೊಡುತ್ತಿತ್ತು, ತಾನೂ ಕಾಟ ತಿನ್ನುತ್ತಿತ್ತು. 1ಕ್ಕೆ ತಂದೆ, ಅಗಲ 20 ಮೆಗಾಹರ್ಟ್ಸ್ ಮಾಡಿದೆ. ಅದೇ ಹುರುಪಿನಲ್ಲಿ ಸೆಕ್ಯುರಿಟಿಯನ್ನೂ ಡಬ್ಲ್ಯೂಪಿಎ3ಗೆ (ವೈಫೈ ಕಾವಲಿನ ಹೊಸ ವಿಧಾನ, ಹಳೆಯದು ಡಬ್ಲ್ಯೂಪಿಎ2) ಏರಿಸಿದೆ, ಹಳೇ ಪ್ರಿಂಟರ್ ಮೌನವ್ರತ ಹಿಡಿಯಿತು. 2 ಮತ್ತು 3 ಎರಡೂ ನಡೆಯುವ ಮಿಶ್ರ ಆಯ್ಕೆಗೆ ಬಂದಾಗ ಮತ್ತೆ ಮಾತಾಡಿತು.

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊಸ ವರಸೆ. ವೈಫೈ ಸೇರಿದೆ, ಸಿಗ್ನಲ್ ತುಂಬಾ ಇದೆ, ‘ಇಂಟರ್ನೆಟ್ ಇಲ್ಲ’ ಅನ್ನುತ್ತದೆ. ಈ ಸಲ ಸ್ವಿಚ್ ಕಡೆ ಕೈ ಹೋಗಲಿಲ್ಲ, ನೋಟ್‌ಬುಕ್ ತೆಗೆದೆ. ಫೋನಿನಲ್ಲಿ ಇಂಟರ್ನೆಟ್ ಇತ್ತು, ಹಾಗಾಗಿ ರೌಟರ್ ಅಲ್ಲ. ಟ್ಯಾಬಿನಲ್ಲಿ ಹಿಂದಿನ ವಾರ ಏನು ಬದಲಾಯಿಸಿದ್ದೆ ಅಂತ ನೋಡಿದರೆ, ಜಾಹೀರಾತು ತಡೆಯೋಕೆ ಪ್ರೈವೇಟ್ ಡಿಎನ್‌ಎಸ್‌ನಲ್ಲಿ (ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿಕೊಡುವ ಸೇವೆಯ ಸೆಟ್ಟಿಂಗ್) ಯಾವುದೋ ವಿಳಾಸ ಹಾಕಿದ್ದೆ. ಆ ಸೇವೆ ನಿಂತುಹೋಗಿತ್ತು. ಅದನ್ನು ‘ಆಟೊಮ್ಯಾಟಿಕ್’ ಮಾಡಿದ ಕೂಡಲೇ ಸರಿಹೋಯಿತು.

ಇನ್ನೂ ಸರಿಹೋಗದ್ದು ಒಂದಿದೆ. 2.4ರಲ್ಲಿ ಇರುವಾಗ ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಹಾಡು ತೊದಲುತ್ತದೆ. ಬ್ಲೂಟೂತ್ ಕೂಡ ಓಡಾಡುವುದು 2.4ರಲ್ಲೇ. ಫೋನಿನಲ್ಲಿ ಇಷ್ಟು ತೊದಲಲ್ಲ, ಆದ್ದರಿಂದ ಇದನ್ನು ಟ್ಯಾಬಿನ ಲೆಕ್ಕಕ್ಕೇ ಬರೆಯುತ್ತೇನೆ. 5ರಲ್ಲಿದ್ದರೆ ತೊಂದರೆಯಿಲ್ಲ.

ತಗೋಬಹುದಾ ಅಂತ ಕೇಳಿದರೆ, ತಗೋಬಹುದು. ರೌಟರಿನ ಸೆಟ್ಟಿಂಗ್ಸ್ ನಿಮ್ಮ ಕೈಯಲ್ಲಿದ್ದರೆ ಖಂಡಿತ. ಹಾಸ್ಟೆಲ್, ಆಫೀಸ್ ಥರ ಬೇರೆಯವರ ವೈಫೈಯಲ್ಲೇ ದಿನಾ ಬಳಸೋದಾದರೆ ಯೋಚಿಸಿ, ಅಲ್ಲಿ ಚಾನಲ್ ಆ ರೇಡಾರಿನ ಪಾಲಿನದ್ದಾದರೆ ನೀವು ಏನೂ ಮಾಡೋಕಾಗಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಡಬ್ಬದ ಮೇಲೆ ದೊಡ್ಡದಾಗಿ ‘ಡ್ಯುಯಲ್ ಬ್ಯಾಂಡ್’ (2.4, 5 ಎರಡೂ ಹಿಡಿಯುತ್ತದೆ) ಅಂತ ಹಾಕಿ, 5ರಲ್ಲಿ ಯಾವ ಚಾನಲ್ ಹಿಡಿಯುತ್ತದೆ ಅಂತ ಎಲ್ಲೂ ಹೇಳದೆ ಇದ್ದದ್ದಕ್ಕೆ ಒಂದು ಕಿತ್ತುಕೊಂಡಿದ್ದೇನೆ. ಮಗಳನ್ನು ಕೇಳಿದರೆ ಅವಳು ಎರಡು ಕಿತ್ತುಕೊಳ್ಳುತ್ತಾಳೆ, ಆನೆ ಇನ್ನೂ ಮರೆತಿಲ್ಲ.