ಕೆಫೀನ್ ಎಷ್ಟಿದೆ ಅಂತ ಬರೆಯದ ಪ್ರಿ-ವರ್ಕೌಟ್ ಡಬ್ಬಿ ಮುಟ್ಟಬೇಡಿ

ಕಲಬುರಗಿಯಲ್ಲಿ ಪೊಲೀಸ್ ಫಿಸಿಕಲ್‌ಗೆ ತಯಾರಿ ನಡೆಸಿದ್ದ ಹುಡುಗ, ತೂಕ 60 ಕೆ.ಜಿ. ಜಿಮ್‌ನಲ್ಲಿ ಜಿಪ್ ಕವರಿಗೆ ಸುರಿದು ಕೊಟ್ಟ ಪ್ರಿ-ವರ್ಕೌಟ್ (ಕಸರತ್ತಿಗೆ ಮುಂಚೆ ಹುರುಪಿಗೆ ಕುಡಿಯೋ) ಪುಡಿ, ಜೊತೆಗೆ 'ಒಂದ್ ಸ್ಕೂಪಿಗಿ ಏನೂ ಆಗಂಗಿಲ್ಲ, ಎರಡ್ ಹಾಕೋ' ಅನ್ನೋ ಉಪದೇಶ. ಮುಂಜಾನೆ ಖಾಲಿ ಹೊಟ್ಟೆಗೆ ಎರಡು ಸ್ಕೂಪ್, ಮೇಲೊಂದು ಚಹಾ. 1600 ಮೀಟರ್ ಓಟದ ಮೂರನೇ ಸುತ್ತಿಗೆ ಎದೆ ಡವಡವ, ಕೈನಡುಕ, ವಾಂತಿ. ಪುಣ್ಯಕ್ಕೆ ಇಸಿಜಿ ನಾರ್ಮಲ್ ಬಂತು.

ಕವರಿನ ಮೇಲೆ ಒಂದಕ್ಷರವೂ ಇರಲಿಲ್ಲ. ಮೂಲ ಡಬ್ಬಿ ತರಿಸಿ ನೋಡಿದರೆ ಒಂದು ಸ್ಕೂಪಿಗೆ 300 ಮಿ.ಗ್ರಾಂ ಕೆಫೀನ್. ಎರಡಕ್ಕೆ 600, ಅಂದರೆ ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ. ಓಟಕ್ಕೆ ಅನುಕೂಲ ಸಿಗೋದು ಕೆ.ಜಿ.ಗೆ 3ರಿಂದ 6ರಲ್ಲೇ. ಈ ಹುಡುಗನಿಗೆ 180 ಸಾಕಿತ್ತು. ಆರೋಗ್ಯವಂತ ವಯಸ್ಕರಿಗೆ ಇಡೀ ದಿನದ ಮಿತಿಯೇ ಸುಮಾರು 400, ಚಹಾ-ಕಾಫಿ ಎಲ್ಲ ಸೇರಿ.

ಇದಕ್ಕಿಂತ ಕೆಟ್ಟದ್ದು 'ಪ್ರೊಪ್ರೈಟರಿ ಬ್ಲೆಂಡ್' ಅಂತ ಬರೆದ ಡಬ್ಬಿ. ಏಳೆಂಟು ಪದಾರ್ಥದ ಹೆಸರು, ಎಲ್ಲಕ್ಕೂ ಸೇರಿ ಒಂದೇ ತೂಕ: 4500 ಮಿ.ಗ್ರಾಂ ಅನ್ನಿ. ಸ್ವಲ್ಪ ಲೆಕ್ಕ ಹಾಕಿ. ಇಂಥ ಪುಡಿಗಳಲ್ಲಿ ದಣಿವು ತಡೆಯೋಕೆ ಅಂತ ಹಾಕೋ ಸಿಟ್ರುಲಿನ್ ಮ್ಯಾಲೇಟ್ ಕೆಲಸ ಮಾಡೋಕೆ 6ರಿಂದ 8 ಗ್ರಾಂ ಬೇಕು, ಅದೊಂದೇ ಆ ತೂಕದಲ್ಲಿ ಹಿಡಿಸಲ್ಲ. ಅದಕ್ಕೇ ಹಾಕೋ ಇನ್ನೊಂದು, ಬೀಟಾ-ಅಲನಿನ್, ದಿನಕ್ಕೆ 3.2 ಗ್ರಾಂನಂತೆ ವಾರಗಟ್ಟಲೆ ತಗೊಂಡರೆ ಮಾತ್ರ ಫಲ. ಕುಡಿದ ಸ್ವಲ್ಪ ಹೊತ್ತಿಗೆ ಮುಖ, ಕಿವಿ ಜುಮ್ಮೆನ್ನೋದು ಅದರಿಂದಲೇ. 'ಪವರ್ ಹತ್ತಿತು' ಅಂತಾರೆ. ಅದು ಬರೀ ಚರ್ಮದ ನರಗಳ ಆಟ. ಉಳಿದದ್ದು ಕೆಫೀನಿನ ಜೋರು. ಅದನ್ನೇ ಎರಡು ಕಪ್ ಗಟ್ಟಿ ಕಾಫಿ ಕೊಡುತ್ತೆ.

ಗ್ವಾರಾನಾ, ಗ್ರೀನ್ ಟೀ ಎಕ್ಸ್‌ಟ್ರ್ಯಾಕ್ಟ್ ಅಂತ ಬೇರೆ ಸಾಲಿನಲ್ಲಿ ಬರೆದಿದ್ದರೆ ಅವೂ ಕೆಫೀನೇ. ಯೋಹಿಂಬಿನ್, ಸಿನೆಫ್ರಿನ್ ಅನ್ನೋ ಉತ್ತೇಜಕಗಳು ಕಂಡರೆ, ಅದರಲ್ಲೂ ಬಿಪಿ ಇರುವವರು, ಡಬ್ಬಿ ಅಲ್ಲೇ ಇಟ್ಟು ಬನ್ನಿ. ಡಿಎಂಎಎ ಅನ್ನೋ ಇನ್ನೊಂದು ಉತ್ತೇಜಕ ಕೆಲವೊಮ್ಮೆ 'ಜೆರೇನಿಯಂ ಎಕ್ಸ್‌ಟ್ರ್ಯಾಕ್ಟ್' ಅನ್ನೋ ಹೆಸರಿನಲ್ಲಿ ನುಸುಳುತ್ತೆ. ಇದು ರಕ್ತನಾಳ ಬಿಗಿಸಿ ಬಿಪಿ ಏರಿಸುತ್ತೆ. ಸ್ಪರ್ಧೆಗಳಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಇದನ್ನು ನಿಷೇಧಿಸಿದೆ. ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಮೈಯ ಶಾಖ ಹೊರಹೋಗಬೇಕಾದ್ದೇ ಚರ್ಮದ ರಕ್ತನಾಳಗಳಿಂದ. ಅವನ್ನೇ ಬಿಗಿಸಿ ಓಡಿದರೆ?

ಸಂಜೆ 6ಕ್ಕೆ 300 ಮಿ.ಗ್ರಾಂ ತಗೊಂಡರೆ ರಾತ್ರಿ 11ಕ್ಕೂ ಹೆಚ್ಚುಕಡಿಮೆ 150 ಮೈಯಲ್ಲೇ ಇರುತ್ತೆ. ನಿದ್ದೆ ಕೆಟ್ಟು ಮರುದಿನ ಸುಸ್ತು, ಆ ಸುಸ್ತಿಗೆ ಮತ್ತೊಂದು ಸ್ಕೂಪ್.

ಕೊಳ್ಳಲೇಬೇಕು ಅಂದ್ರೆ ಸೀಲ್ ಇರೋ ಡಬ್ಬಿಯನ್ನೇ ಕೊಳ್ಳಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ನೋಡಿ. ವಿದೇಶಿ ಮಾಲಾದರೆ ಆಮದುದಾರರ ವಿಳಾಸವನ್ನೂ. ನಂಬರ್ ಇದೆ ಅಂದಮಾತ್ರಕ್ಕೆ ಒಳಗಿನ ಪುಡಿ ಪರೀಕ್ಷೆಯಾಗಿದೆ ಅಂತಲ್ಲ. ಎಷ್ಟು ಸ್ಕೂಪಿಗೆ ಒಂದು ಸರ್ವಿಂಗ್ ಅನ್ನೋದನ್ನೂ ಓದಿ, ಮೊದಲ ದಿನ ಅರ್ಧ ಸ್ಕೂಪ್ ಮೀರಬೇಡಿ. ಒಣ ಪುಡಿ ಬಾಯಿಗೆ ಹಾಕಿಕೊಳ್ಳೋ ರೀಲ್ಸ್ ಹುಚ್ಚು ಬೇಡ, ಉಸಿರುನಾಳಕ್ಕೆ ಹೋಗುತ್ತೆ.

ಎದೆನೋವು, ಕಣ್ಣು ಕತ್ತಲೆ, ಬಡಿತದ ತಾಳ ತಪ್ಪಿದಂತೆ ಅನ್ನಿಸಿದರೆ ಮುಖ ತೊಳೆದು ಕೂತ್ಕೋಬೇಡಿ, 108ಕ್ಕೆ ಫೋನ್ ಮಾಡಿ. ಹೋಗುವಾಗ ಡಬ್ಬಿನೋ ಕವರೋ ಜೊತೆಗೇ ಒಯ್ಯಿರಿ: 'ಏನ್ ತಗೊಂಡಿದ್ದಿ, ಎಷ್ಟು' ಅಂತ ಡಾಕ್ಟರು ಕೇಳೇ ಕೇಳ್ತಾರೆ.