ಕಟ್ಟಡದ ಪ್ಲ್ಯಾನ್‌ನಲ್ಲಿ ಬಾಗಿಲಿಗೆ ‘ಡಿ2’ ಎಂಬ ಗುರುತೋ, ಒಂದೊಂದಕ್ಕೂ ಬೇರೆ ನಂಬರೋ?

ಮನೆಯ ಪ್ಲ್ಯಾನ್ ಆದರೆ ಡಿ1, ಡಿ2 (ಬಾಗಿಲು), ಡಬ್ಲ್ಯು1 (ಕಿಟಕಿ) ಎಂಬ ಮಾದರಿ ಗುರುತೇ ಸಾಕು; ಒಂದೇ ಮಾದರಿಯವಕ್ಕೆಲ್ಲ ಒಂದೇ ಗುರುತು. ಡಿ2 ಅಂದರೆ 900×2100 ಮಿ.ಮೀ. ಎಂದು ಷೆಡ್ಯೂಲಿನಲ್ಲಿ, ಅಂದರೆ ಬಾಗಿಲು-ಕಿಟಕಿಗಳ ಪಟ್ಟಿಯಲ್ಲಿ, ಒಂದೇ ಸಾಲು. ಬಡಗಿಗೂ ಎಣಿಸಲು ಸುಲಭ. ಅಳತೆಯನ್ನು ಪ್ಲ್ಯಾನ್ ಮೇಲೆ ಮತ್ತೆ ಬರೆಯಲೇಬೇಡಿ. ನಾನೊಮ್ಮೆ ಷೆಡ್ಯೂಲ್ ತಿದ್ದಿ ಪ್ಲ್ಯಾನ್ ಮರೆತಿದ್ದೆ. ಗೋಡೆಯಲ್ಲಿ ಬಿಟ್ಟ 900ರ ಜಾಗಕ್ಕೆ 750ರ ಚೌಕಟ್ಟು ಬಂದು ನಿಂತಿತ್ತು.

ಆಸ್ಪತ್ರೆ, ಹಾಸ್ಟೆಲ್‌ಗಳಿಗೆ ಇದು ಸಾಲದು. ಒಂದೇ ಅಳತೆಯ ಬಾಗಿಲುಗಳಿಗೂ ಬೀಗ, ತೆರೆಯುವ ದಿಕ್ಕು, ಬೆಂಕಿ ತಡೆಯುವ ಅವಧಿ ಬೇರೆಬೇರೆ. ಅಲ್ಲಿ ಕೋಣೆಯ ನಂಬರ್ ಹಿಡಿದು ಒಂದೊಂದು ಬಾಗಿಲಿಗೂ 203ಎ, 203ಬಿ ಎಂದು ಕೊಡಿ. ಷೆಡ್ಯೂಲ್ ಉದ್ದವಾಗುತ್ತದೆ, ನಿಜ. ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಪ್ಲ್ಯಾನಿಗೂ ಷೆಡ್ಯೂಲಿಗೂ ಸಾಲುಸಾಲಾಗಿ ತಾಳೆ ನೋಡುವುದು ದಣಿಸುತ್ತದೆ. ಕಟ್ಟಡದ ಮಾದರಿಯನ್ನೇ ಕಟ್ಟುವ ರೆವಿಟ್ ತಂತ್ರಾಂಶದಲ್ಲಾದರೆ ಬಾಗಿಲು ಅಳಿಸಿದರೆ ಷೆಡ್ಯೂಲಿನ ಅದರ ಸಾಲೂ ತಾನೇ ಹೋಗುತ್ತದೆ. ಕಿಟಕಿಗಳಿಗೆ ಇಂಥ ದೊಡ್ಡ ಕಟ್ಟಡಗಳಲ್ಲೂ ಮಾದರಿ ಗುರುತೇ ಹಿತ.