ಪೊಕೆಮಾನ್ ಎಮರಾಲ್ಡ್: ಗವಿಯೊಳಗಿನ ಉಬ್ಬರ ಇಳಿತ

ದುಬೈಯಲ್ಲಿರುವ ಸೋದರಮಾವ ರಜೆಯಲ್ಲಿ ಕುಮಟೆಗೆ ಬಂದಾಗ ತಂದುಕೊಟ್ಟ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಇಂದಿಗೂ ಸುಸ್ಥಿತಿಯಲ್ಲಿದ್ದು, ಅದರಲ್ಲಿ ನಾನು ಮತ್ತೆ ಮತ್ತೆ ಆಡುವ ಆಟ ಪೊಕೆಮಾನ್ ಎಮರಾಲ್ಡ್. ಜಪಾನಿನಲ್ಲಿ 2004ರಲ್ಲಿ, ಅಮೆರಿಕದಲ್ಲಿ 2005ರಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಕಾಡು, ಗುಡ್ಡ, ನೀರುಗಳಲ್ಲಿರುವ ಜೀವಿಗಳನ್ನು ಹಿಡಿದು ಪಳಗಿಸಿ, ಜಿಮ್ ಎಂಬ ಎಂಟು ಕಾದಾಟದ ಅಖಾಡಗಳ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ಸೋಲಿಸಿ ಬ್ಯಾಡ್ಜ್ ಗೆಲ್ಲುತ್ತ ಮುಂದೆ ಸಾಗಬೇಕು. ಇದು ಕಡಲ ಅಂಚಿನವರು ಆಡಲೇಬೇಕಾದ ಆಟವೆಂಬುದು ನನ್ನ ದೃಢ ಅಭಿಪ್ರಾಯ.

ಕಥೆ ನಡೆಯುವ ಹೋಯೆನ್ ಪ್ರದೇಶವನ್ನು ಜಪಾನಿನ ಕ್ಯೂಶೂ ದ್ವೀಪದ ಮಾದರಿಯಲ್ಲಿ ರೂಪಿಸಿದ್ದಾರೆ. ಅದರ ಪೂರ್ವದ ಬಹುಪಾಲು ನೀರೇ. ಆರಂಭದಲ್ಲಿ ಸಿಗುವ ಮೂರು ಜೀವಿಗಳಲ್ಲಿ ನಾನು ಪ್ರತಿ ಸಲವೂ ಆರಿಸಿಕೊಳ್ಳುವುದು ಮಡ್‌ಕಿಪ್ ಎಂಬ ಕೆಸರುಮೀನನ್ನು, ಏಕೆಂದರೆ ನಮ್ಮ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಕೆಸರಿನ ಮೇಲೆ ಜಿಗಿಯುವ ಮೀನುಗಳನ್ನು ನೋಡುತ್ತ ಬೆಳೆದವನಿಗೆ ಬೇರೆ ಆಯ್ಕೆ ತೋಚುವುದಿಲ್ಲ. 16ನೇ ಹಂತದಲ್ಲಿ ಅದು ಮಾರ್ಷ್‌ಟಾಂಪ್ ಆಗಿ ನೀರಿನೊಡನೆ ನೆಲದ ಗುಣವನ್ನೂ ಪಡೆಯುತ್ತದೆ. ಅಲ್ಲಿಂದ ಮುಂದೆ ಮಿಂಚಿನ ಹೊಡೆತ ಅದಕ್ಕೆ ತಾಗುವುದೇ ಇಲ್ಲ, ಹುಲ್ಲಿನ ಹೊಡೆತ ಮಾತ್ರ ನಾಲ್ಕು ಪಟ್ಟು ತಾಗುತ್ತದೆ. ಮಳೆ ಸುರಿಯುತ್ತಿದ್ದರೆ ನೀರಿನ ಹೊಡೆತದ ಬಲ ಒಂದೂವರೆ ಪಟ್ಟಾಗುವುದರಿಂದ ಹವಾಮಾನ ನೋಡಿಕೊಂಡು ಕಾದಾಡುವುದನ್ನೂ ಆಟಗಾರ ಕಲಿಯುತ್ತಾನೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾಸ್‌ಡೀಪ್ ಊರಿನ ಉತ್ತರಕ್ಕಿರುವ ಶೋಲ್ ಗವಿ. ಆಟವಿರುವ ಬಿಲ್ಲೆಯ, ಅಂದರೆ ಕಾರ್ಟ್ರಿಜ್‌ನ ಒಳಗಿನ ಗಡಿಯಾರಕ್ಕೆ ತಕ್ಕಂತೆ ಅಲ್ಲಿ ಆರು ಗಂಟೆಗೊಮ್ಮೆ ನೀರು ಏರುತ್ತದೆ, ಇಳಿಯುತ್ತದೆ. ಉಬ್ಬರದಲ್ಲಿ ಈಜಿ ಹೋದರೆ ಒಂದು ದಾರಿ, ಇಳಿತದಲ್ಲಿ ನಡೆದು ಹೋದರೆ ಇನ್ನೊಂದು. ಎರಡೂ ಹೊತ್ತಿನಲ್ಲಿ ಹೋಗಿ ನಾಲ್ಕು ಉಪ್ಪು, ನಾಲ್ಕು ಚಿಪ್ಪು ಹೆಕ್ಕಿ ತಂದರೆ ಗವಿಯಲ್ಲಿರುವ ಮುದುಕ ಅವುಗಳಿಂದ ಬಾರಿಸುವ ಗಂಟೆಯೊಂದನ್ನು ಮಾಡಿಕೊಡುತ್ತಾನೆ. ಅದನ್ನು ಧರಿಸಿದ ಜೀವಿ ತಾನು ಕೊಟ್ಟ ಪೆಟ್ಟಿನ ಎಂಟನೇ ಒಂದು ಭಾಗದಷ್ಟು ಶಕ್ತಿಯನ್ನು ಮರಳಿ ಪಡೆಯುತ್ತದೆ. ಗವಿಯಲ್ಲಿ ಚಿಪ್ಪು ಹುಡುಕುವಾಗಲೆಲ್ಲ ನನಗೆ ಅಘನಾಶಿನಿ ನದಿಯ ಅಳಿವೆಯಲ್ಲಿ ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ನೆನಪಾಗುತ್ತಾರೆ. ಒಂದು ಆಕ್ಷೇಪವನ್ನು ಮಾತ್ರ ಹೇಳಲೇಬೇಕು: ಆಟದಲ್ಲಿ ಇಳಿತ ದಿನವೂ ಮೂರು ಗಂಟೆಗೇ ಶುರುವಾಗುತ್ತದೆ, ಆದರೆ ನಿಜವಾದ ಕಡಲಿನಲ್ಲಿ ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಮ್ಮವರು ನದಿಗೆ ಇಳಿಯುವುದು ತಿಥಿ ನೋಡಿ, ಗಡಿಯಾರ ನೋಡಿ ಅಲ್ಲ.

ಕೊರತೆಗಳೂ ಇವೆ. ಕಡಲ ದಾರಿಗಳಲ್ಲಿ ಹೆಜ್ಜೆಹೆಜ್ಜೆಗೂ ಅದೇ ಲೋಳೆಮೀನು ಟೆಂಟಕೂಲ್, ಅದೇ ಕಡಲಹಕ್ಕಿ ವಿಂಗಲ್ ಎದುರಾಗಿ ಬೇಸರ ಹುಟ್ಟಿಸುತ್ತವೆ. ಒಂದು ಜೀವಿ ನಾಲ್ಕೇ ವಿದ್ಯೆಗಳನ್ನು ಇಟ್ಟುಕೊಳ್ಳಬಹುದಾದ್ದರಿಂದ, ತೇಲುವುದು, ಮುಳುಗುವುದು, ಜಲಪಾತ ಏರುವುದು ಮೂರನ್ನೂ ಒಂದಕ್ಕೇ ಕಲಿಸಿದರೆ ಉಳಿಯುವುದು ಒಂದೇ ಜಾಗ.

ಕೊಳ್ಳುವವರು ಎಚ್ಚರಿಕೆಯಿಂದಿರಬೇಕು. ಅಂಚೆಯಲ್ಲಿ ತರಿಸಿದ ನನ್ನ ಮೊದಲ ಕಾರ್ಟ್ರಿಜ್ ನಕಲಿಯಾಗಿತ್ತು. ಏಳು ಬ್ಯಾಡ್ಜ್ ಗೆದ್ದ ಮೇಲೆ ಒಂದು ಬೆಳಿಗ್ಗೆ ಉಳಿಸಿಟ್ಟ ಆಟವೆಲ್ಲ ಅಳಿಸಿಹೋಗಿತ್ತು, ಮಾರಿದವರು ಉತ್ತರ ಕೊಡಲಿಲ್ಲ. ಅಸಲಿಯಲ್ಲೂ ವರ್ಷಗಳು ಕಳೆದಂತೆ ಒಳಗಿನ ಸಣ್ಣ ಬ್ಯಾಟರಿ ತೀರುತ್ತದೆ, ಆನ್ ಮಾಡಿದೊಡನೆ ಪರದೆಯೇ ಅದನ್ನು ತಿಳಿಸುತ್ತದೆ. ಆಮೇಲೂ ಆಡಬಹುದು, ಉಳಿಸಬಹುದು. ಆದರೆ ನೆಟ್ಟ ಹಣ್ಣಿನ ಗಿಡ ಬೆಳೆಯುವುದಿಲ್ಲ, ಗವಿಯ ನೀರು ಅಲುಗಾಡುವುದಿಲ್ಲ. ನನ್ನದು ಉಬ್ಬರದಲ್ಲೇ ತಿಂಗಳುಗಟ್ಟಲೆ ನಿಂತಿತ್ತು. ಒಳಗಿರುವುದು ಬೆಸುಗೆ ಹಾಕಿದ ಸಿಆರ್ 1616 ಸೆಲ್. ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಮಾಡುವ ಹುಡುಗ ಅದನ್ನು ಬಿಡಿಸಿ ಹೊಸದನ್ನು ಕೂರಿಸಿಕೊಟ್ಟ, ಉಳಿಸಿದ ಆಟಕ್ಕೆ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಗವಿಯ ಬಾಯಲ್ಲಿ ಕಾದು ನಿಂತೆ. ಮೂರು ದಾಟಿದ ಮೇಲೆ ಒಳಹೊಕ್ಕರೆ ನೀರು ಇಳಿದಿತ್ತು, ನೆಲದ ಮೇಲೆ ಉಪ್ಪು ಬಿದ್ದಿತ್ತು.